ಕಾಲ್ಬೆರಳು ನೋಡುವ ಅಯ್ಯಮ್ಮ

ಸಿಂಧನೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಆಗಷ್ಟೇ ಬೆಳಕು ಹರಿಯುತ್ತಿದೆ. ಆಯಾ ಅಯ್ಯಮ್ಮ ನೆಲ ಒರೆಸುವುದನ್ನು ಅರ್ಧಕ್ಕೇ ಬಿಟ್ಟು ಬಂದು ಮಂಚದ ಕಾಲದೆಸೆಯಲ್ಲಿ ನಿಂತಿದ್ದಾರೆ. ಮಲಗಿರುವವಳು ಜವಳಗೇರಾದ ಹೊಸ ಸೊಸೆ ಭಾಗ್ಯ. ಹೊಟ್ಟೆನೋವೆಂದು ಕರೆತಂದ ಮಾವ ಆದಪ್ಪ ಬಾಗಿಲಲ್ಲೇ ಇದ್ದಾರೆ. ಡಾಕ್ಟರು ಹೊಟ್ಟೆಯ ಬಲಗಡೆ ಕೆಳಗೆ ಒತ್ತಿ, "ನೋವಾಗ್ತದೇನಮ್ಮ?" ಎನ್ನುತ್ತಾರೆ. "ಇಲ್ರಿ" ಎನ್ನುತ್ತಾಳೆ ಭಾಗ್ಯ, ಸೆರಗು ಕಚ್ಚಿಕೊಂಡು.

ಅಯ್ಯಮ್ಮ ನೋಡುತ್ತಿರುವುದು ಅವಳ ಮುಖವನ್ನಲ್ಲ, ಪಾದಗಳನ್ನು. ಒತ್ತಿದ ಕೂಡಲೇ ಕಾಲುಂಗುರದ ಬೆರಳುಗಳು ಮುದುಡಿಕೊಂಡಿವೆ. "ಯಜಮಾನ್ರ, ನೀವು ಹೊರಗ ಚಾ ಕುಡದು ಬರ್ರಿ" ಎಂದು ಆದಪ್ಪನನ್ನು ಸಾಗಹಾಕಿ ಬಾಗಿಲು ಮುಂದೆ ಮಾಡುತ್ತಾರೆ. "ಈಗ ಚೀರವ್ವ. ಇಲ್ಲಿ ನಿನಗ ಯಾರೂ ಏನೂ ಅನ್ನಂಗಿಲ್ಲ."

ಡಾಕ್ಟರು ಮತ್ತೆ ಒತ್ತುತ್ತಾರೆ. ಭಾಗ್ಯ ಚೀರಿದ್ದು ಹೊರಗೆ ನಿಂತ ಆದಪ್ಪನವರೆಗೂ ಕೇಳಿಸುತ್ತದೆ. ಅವರು ಚಹದ ಲೋಟ ಹಿಡಿದು ತಲೆ ತಗ್ಗಿಸುತ್ತಾರೆ. ರಕ್ತಪರೀಕ್ಷೆ, ಸ್ಕ್ಯಾನಿಂಗ್ ಎರಡೂ ಅದನ್ನೇ ಹೇಳುತ್ತವೆ: ಅಪೆಂಡಿಕ್ಸ್ ಬಾತಿದೆ, ಪುಣ್ಯಕ್ಕೆ ಒಡೆದಿಲ್ಲ.

ಹಿರಿಯರೆದುರು ನರಳುವುದು ಹೆಣ್ಣಿಗೆ ಶೋಭೆಯಲ್ಲ ಎಂಬುದು ಈ ಸೀಮೆಯ ಎಷ್ಟೋ ಮನೆಗಳ ರೂಢಿ. ಸೊಸೆಯ ಬಾಯಿಗೆ ಬೀಗ, ಬೀಗದ ಕೈ ಮಾವನ ರುಮಾಲಿನೊಳಗೆ. ನೋವಿದ್ದವಳೇ ಇಲ್ಲವೆಂದರೆ ಯಾವ ಡಾಕ್ಟರು ತಾನೇ ಏನು ಮಾಡಿಯಾರು? ಹೆಣ್ಣುಮಕ್ಕಳ ಹೊಟ್ಟೆ ಪರೀಕ್ಷಿಸುವಾಗ ಇಲ್ಲಿಯ ಡಾಕ್ಟರು "ಅಯ್ಯಮ್ಮನ್ನ ಕರೀರಿ" ಎನ್ನುವುದು ಅದಕ್ಕೇ.

ಹೊಗಳಿದರೆ ಅಯ್ಯಮ್ಮ ಮುಖ ತಿರುಗಿಸುತ್ತಾರೆ. ಅವರ ತವರು ಸಂತೆಕಲ್ಲೂರು. ತಂಗಿ ಅನುಪಮಾಳನ್ನು ಮಸ್ಕಿಗೆ ಕೊಟ್ಟ ವರ್ಷ, ಅವಳಿಗೂ ಹೀಗೇ ಹೊಟ್ಟೆನೋವು ಬಂತು. ಲಿಂಗಸುಗೂರಿನ ದವಾಖಾನೆಯೊಂದಕ್ಕೆ ಕರೆದೊಯ್ದಾಗ ಅವಳ ಮಾವನೂ ಜೊತೆಗಿದ್ದ, ಅಕ್ಕ ಅಯ್ಯಮ್ಮನೂ ಇದ್ದರು.

"ಮಾವ ನಿಂತಾನ, ನರಳಬ್ಯಾಡ, ತವರಮನಿ ಮಾನ ಹೋಗ್ತದ ಅಂತ ಕಿವ್ಯಾಗ ಹೇಳಿದಾಕಿ ನಾನ ರೀ. ಆಕಿ ನನ್ನ ಮಾತು ಕೇಳಿದ್ಲು. ಆಕಿ ಕಾಲ್ಬೆರಳು ಕೇಳಲಿಲ್ಲ. ನಾ ನೋಡಿದೆ. ನೋಡಿನೂ ಸುಮ್ಮನಿದ್ದೆ."

ನೋವಿಲ್ಲ ಎಂದವಳಿಗೆ ಗ್ಯಾಸಿನ ಗುಳಿಗೆ ಕೊಟ್ಟು ಕಳಿಸಿದರು. ಅಪೆಂಡಿಕ್ಸ್ ಒಡೆದು ಹೊಟ್ಟೆಯೆಲ್ಲ ಕೀವಾಯಿತು. ಜೀವವೇನೋ ಉಳಿಯಿತು, ಹೊಟ್ಟೆಯುದ್ದಕ್ಕೂ ಹೊಲಿಗೆಯ ಗುರುತೂ ಉಳಿಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಅಯ್ಯಮ್ಮನ ಒಲೆ ಇನ್ನೂ ಉರಿಯುತ್ತಲೇ ಇದೆ. ನಾಚಿಕೆಯಿಂದ ಅವರು ಇಂದಿಗೂ ತಂಗಿಯ ಪಾದ ನೋಡುವುದಿಲ್ಲ.

ಭಾಗ್ಯಳನ್ನು ಆಪರೇಷನ್ನಿಗೆ ಒಯ್ದ ಮೇಲೆ ಅಯ್ಯಮ್ಮ ಅರ್ಧ ಬಿಟ್ಟ ನೆಲಕ್ಕೆ ಮರಳುತ್ತಾರೆ. ಅನುಪಮಾ ಅಕ್ಕನಿಗೆ ಇವತ್ತಿನವರೆಗೂ ಒಂದು ಮಾತು ಅಂದಿಲ್ಲ. ಹಬ್ಬಕ್ಕೆ ಬಂದರೆ ಮೊದಲಿನಂತೆಯೇ ಕಾಲಿಗೆ ನಮಸ್ಕರಿಸುತ್ತಾಳೆ.

"ಆಗ ಮುಖ ಎಲ್ಲಿ ಇಟ್ಕೊಬೇಕೋ ತಿಳಿಯಂಗಿಲ್ರಿ" ಎನ್ನುತ್ತಾ ಅಯ್ಯಮ್ಮ ಬಟ್ಟೆ ಹಿಂಡುತ್ತಾರೆ. "ನಂದು ಒಂದ ಆಸೆ ಐತಿ. ಆಕಿ ಒಮ್ಮೆ ನನ್ನ ಮ್ಯಾಲ ಚೀರ್ಬೇಕು. ಓಣಿ ಮಂದಿಗೆಲ್ಲ ಕೇಳಂಗ ಚೀರ್ಬೇಕು."