ಮಾವನ ಗೋಡೆ, ಅಳಿಯನ ಟ್ಯಾಬ್

ಆ ಬೀದಿಯ ಬಡಗಿಗಳಲ್ಲಿ ಟ್ಯಾಬ್ ಕೊಂಡ ಮೊದಲನೆಯವನು ಅವನೇ. ಕೊನೆಯವನೂ ಅವನೇ ಇರಬಹುದು ಎಂದು ಈಗ ನಗುತ್ತ ಹೇಳಿಕೊಳ್ಳುತ್ತಾನೆ. ಆದರೆ ಕೊಂಡ ಹೊಸದರಲ್ಲಿ ಈ ನಗುವೆಲ್ಲ ಎಲ್ಲಿತ್ತು? ಕಾಲು ನೆಲಕ್ಕೆ ಸೋಕುತ್ತಿರಲಿಲ್ಲ. ಅಂಗಡಿಗೆ ಮೊಳೆ ಕೇಳಲು ಬಂದವರನ್ನೂ ಕೂರಿಸಿ ಟ್ಯಾಬ್ ತೋರಿಸಿ ಕಳಿಸುತ್ತಿದ್ದ. ಮೊಳೆ ಕೊಡುವುದು ಮರೆತೇ ಹೋಗುತ್ತಿತ್ತು.

ಟ್ಯಾಬಿಗೆ ಮಾತ್ರ ಅವನ ಮೇಲೆ ಅಷ್ಟು ಪ್ರೀತಿ ಇರಲಿಲ್ಲ. ವರ್ಷಗಟ್ಟಲೆ ಅಂಟು, ಪಾಲಿಶು, ಮರಳು ಕಾಗದ ಉಜ್ಜಿ ಉಜ್ಜಿ ಅವನ ಬೆರಳ ತುದಿಗಳು ದಡ್ಡು ಕಟ್ಟಿದ್ದವು. ಒತ್ತಿದರೆ ಪರದೆ ಜಪ್ಪಯ್ಯ ಅನ್ನುತ್ತಿರಲಿಲ್ಲ. ಬೆರಳ ಗೆಣ್ಣಿನಿಂದ ತಟ್ಟಿ ನೋಡಿದ, ಮೊಣಕೈ ಇಟ್ಟು ನೋಡಿದ. ಒಂದು ದಿನ ಯಾರೂ ನೋಡುತ್ತಿಲ್ಲ ಅಂದುಕೊಂಡು ಮೂಗಿನಿಂದ ಒತ್ತಿದ. ಆಗ ಕೆಲಸ ಮಾಡಿತು. ನೋಡುತ್ತಿದ್ದ ಹೆಂಡತಿ ನಕ್ಕು ನಕ್ಕು ಸುಸ್ತಾದಳು. ಆಮೇಲೆ ಪರದೆ ಒತ್ತಲೆಂದೇ ಸಿಗುವ ಕಡ್ಡಿಯೊಂದನ್ನು ತರಿಸಿಕೊಂಡು ಬಲಗಿವಿಯ ಮೇಲೆ ಪೆನ್ಸಿಲು, ಎಡಗಿವಿಯ ಮೇಲೆ ಕಡ್ಡಿ ಸಿಕ್ಕಿಸಿಕೊಂಡು ಓಡಾಡತೊಡಗಿದ. ಹಲಗೆಯ ಮೇಲೆ ಕಡ್ಡಿಯಿಂದಲೂ ಟ್ಯಾಬಿನ ಮೇಲೆ ಪೆನ್ಸಿಲಿನಿಂದಲೂ ಗೀಚಲು ಹೋಗಿ ತನ್ನನ್ನೇ ಬೈದುಕೊಂಡದ್ದು ಒಂದೆರಡು ಸಲವಲ್ಲ.

ಇಷ್ಟೆಲ್ಲ ಪಾಡುಪಟ್ಟರೂ ಅದನ್ನು ತಲೆಯ ಮೇಲೆ ಹೊತ್ತು ತಿರುಗಲು ಕಾರಣವಿತ್ತು. ಕೋಣೆಯ ನಡುವೆ ನಿಂತು ಅದರ ಕ್ಯಾಮೆರಾವನ್ನು ಮೂಲೆ ಮೂಲೆಗೂ ತಿರುಗಿಸಿದರೆ ಸಾಕು, ಕೋಣೆಯೇ ಪರದೆಯ ಮೇಲೆ ಬಂದು ಕೂರುತ್ತಿತ್ತು. ಗೋಡೆ, ಕಿಟಕಿ, ಬಾಗಿಲು, ಒಂದೊಂದಕ್ಕೂ ಅಳತೆ. ಅದರೊಳಗೆ ಬೀರು ನಿಲ್ಲಿಸಬಹುದು, ಬಣ್ಣ ಬದಲಿಸಬಹುದು. ಟೇಪು ಹಿಡಿದು ಮಂಡಿಯೂರಿ ಮಂಚದ ಕೆಳಗೆ ತೆವಳುವ ಕಾಲ ಮುಗಿಯಿತು ಎಂದು ಅವನು ಸಾರಿಬಿಟ್ಟ. ಟೇಪನ್ನು ಮೊಳೆಗೆ ನೇತುಹಾಕಿದ.

ಹೀಗಿರುವಾಗ ಹೆಂಡತಿಯ ತವರಿನಿಂದ ಕೆಲಸ ಬಂತು. ಅತ್ತೆಗೆ ಒಳಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಒಂದು ಬೀರು ಬೇಕಿತ್ತು. ತವರು ಅಂದರೆ ದೂರವೇನಲ್ಲ, ಎರಡು ಬೀದಿ ಆಚೆ. ಮಾವ ಗಾರೆ ಕೆಲಸದವರು, ಈಗ ವಯಸ್ಸಾಗಿ ಕರಣೆ ಕೆಳಗಿಟ್ಟಿದ್ದರು. ಊರಿನವರ ಮನೆಗಳನ್ನೆಲ್ಲ ಕಟ್ಟಿ, ಬಿಡುವಿನ ದಿನಗಳಲ್ಲಿ ಒಬ್ಬರೇ ತಮ್ಮ ಮನೆ ಕಟ್ಟಿಕೊಂಡವರು. ಬಂದವರನ್ನು ಕೂರಿಸುವ ಮೊದಲು ಗೋಡೆ ತಟ್ಟಿ ತೋರಿಸುವುದು ಅವರ ಅಭ್ಯಾಸ. ಬೇಕಾದರೆ ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು ನೋಡಿ, ಕೂದಲೆಳೆಯಷ್ಟೂ ವಾಲಿಲ್ಲ ಅನ್ನುವರು. ಯಾರೂ ಗುಂಡು ಇಳಿಬಿಡುತ್ತಿರಲಿಲ್ಲ. ಹೌದೌದು ಎಂದು ಕಾಫಿ ಕುಡಿದು ಹೋಗುತ್ತಿದ್ದರು. ಕರಣೆ ಕೆಳಗಿಟ್ಟ ಮೇಲೆ ಅವರು ದಿನಾ ಬೆಳಿಗ್ಗೆ ಅಳಿಯನ ಅಂಗಡಿಗೆ ಬಂದು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂರುವರು. ಅವನ ಕೆಲಸ ನೋಡುತ್ತ, ಕೇಳದಿದ್ದರೂ ಸಲಹೆ ಕೊಡುತ್ತ ಮಧ್ಯಾಹ್ನದವರೆಗೆ ಹೊತ್ತು ಕಳೆಯುವರು.

ಲೋಕದಲ್ಲಿ ನೆಟ್ಟಗಿನ ಗೋಡೆ ಅಂತ ಒಂದೂ ಇಲ್ಲ. ಇದನ್ನು ಯಾವ ಬಡಗಿಯನ್ನು ಕೇಳಿದರೂ ಹೇಳುತ್ತಾನೆ, ಆದರೆ ಮನೆಯವರ ಎದುರಿಗೆ ಹೇಳುವುದಿಲ್ಲ. ಬೀರಿನ ಅಂಚಿಗೆ ನಾಲ್ಕು ಬೆರಳು ಹೆಚ್ಚಿಗೆ ಬಿಟ್ಟುಕೊಂಡು ಹೋಗಿ, ಗೋಡೆ ಎಲ್ಲೆಲ್ಲಿ ಉಬ್ಬಿದೆ ಎಲ್ಲೆಲ್ಲಿ ಬಾಗಿದೆ ನೋಡಿ, ಹಲಗೆಯನ್ನು ಅದಕ್ಕೆ ತಕ್ಕಂತೆ ಕೀಸಿ ಕೂರಿಸುತ್ತಾನೆ. ನೋಡಿದವರು ಆಹಾ ಗೋಡೆ ಎಷ್ಟು ನೆಟ್ಟಗಿದೆ ಅನ್ನುತ್ತಾರೆ. ಗಾರೆಯವನು ಮಾಡಿದ್ದನ್ನು ಬಡಗಿ ಹೊಟ್ಟೆಯಲ್ಲಿ ಹಾಕಿಕೊಳ್ಳುವುದು ಆ ಕಸುಬಿನ ಮರ್ಯಾದೆ. ಕೆಲಸ ಕಲಿತ ದಿನದಿಂದ ಇವನೂ ಹಾಗೇ ಮಾಡಿಕೊಂಡು ಬಂದವನು.

ಟ್ಯಾಬಿಗೆ ಈ ಮರ್ಯಾದೆ ಯಾರು ಕಲಿಸಿದ್ದರು? ಅದು ಸಣ್ಣಪುಟ್ಟ ಓರೆಕೋರೆಗಳನ್ನು ತಾನೇ ತಿದ್ದಿಕೊಂಡು ಮಾವನ ಕೋಣೆಯನ್ನು ಗೆರೆ ಎಳೆದಂತೆ ಚೌಕವಾಗಿ ತೋರಿಸಿತು. ಇವನೂ ನಂಬಿದ. ಹೆಚ್ಚಿಗೆ ಬಿಡುವುದೆಲ್ಲ ಹಳೇ ಕಾಲದವರ ಹೆದರಿಕೆ ಅಂದುಕೊಂಡು, ಅಂಗಡಿಯಲ್ಲೇ ಎಲ್ಲವನ್ನೂ ಕತ್ತರಿಸಿ, ಪಾಲಿಶು ಹೊಡೆದು, ಗಾಡಿಯಲ್ಲಿ ಹೇರಿಕೊಂಡು ಹೋದ. ಸಾಲದ್ದಕ್ಕೆ, ಬೀರು ಹೇಗೆ ಕಚ್ಚಿಕೊಂಡು ಕೂರುತ್ತದೆ ನೋಡಿ ಬನ್ನಿ ಎಂದು ಭಾವಮೈದುನನನ್ನೂ ಪಕ್ಕದ ಮನೆಯವರನ್ನೂ ಕರೆದಿದ್ದ. ಅಂಥ ಬುದ್ಧಿವಂತ.

ಬೀರು ನಿಂತಿತು. ಮೇಲೆ ಗೋಡೆಗೆ ಸರಿಯಾಗಿ ತಾಗಿತು. ಕೆಳಗೆ ಬರುಬರುತ್ತ ಸಂದು ಅಗಲವಾಗುತ್ತ ಹೋಗಿ, ನೆಲದ ಹತ್ತಿರ ಒಂದು ಅಂಗೈ ತೂರುವಷ್ಟಾಯಿತು. ಭಾವಮೈದುನ ಕೈ ತೂರಿಸಿಯೂ ತೋರಿಸಿದ. ಮಾವ ಕುರ್ಚಿಯಿಂದ ಎದ್ದು ಬಂದು ನಿಧಾನವಾಗಿ ನೋಡಿದರು.

"ಬೀರು ಸೊಟ್ಟಗಿದೆ ಅಳಿಯಂದ್ರೇ," ಅಂದರು.

ಪಕ್ಕದ ಮನೆಯವರು ಕಿಸಕ್ಕೆಂದರು. ಅವನ ಕಿವಿ ಬಿಸಿಯಾಯಿತು. ಆಗ ನಾಲಿಗೆ ಕಚ್ಚಿಕೊಂಡು, ಸಂದಿಗೆ ಒಂದು ಪಟ್ಟಿ ಕೀಸಿ ತರುತ್ತೇನೆ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಕೈಯಲ್ಲಿ ಟ್ಯಾಬ್ ಇತ್ತಲ್ಲ. ಅದರಲ್ಲಿ, ನೆಟ್ಟಗಿದ್ದರೆ ಹಸಿರು ಸೊಟ್ಟಗಿದ್ದರೆ ಕೆಂಪು ತೋರಿಸಿ ಮಟ್ಟ ಹೇಳುವ ವ್ಯವಸ್ಥೆಯೂ ಇತ್ತಲ್ಲ. ಬೀರಿಗೆ ಒತ್ತಿ ಹಿಡಿದ, ಪರದೆ ಹಸಿರಾಯಿತು. ಗೋಡೆಗೆ ಒತ್ತಿ ಹಿಡಿದ, ಕೆಂಪಾಯಿತು. ಎಲ್ಲರಿಗೂ ಕಾಣುವಂತೆ ಟ್ಯಾಬನ್ನು ಒಂದು ಸುತ್ತು ತಿರುಗಿಸಿದ.

"ಬೀರಲ್ಲ ಮಾವ, ನಿಮ್ಮ ಗೋಡೇನೇ ವಾಲಿರೋದು."

ಯಾರೂ ನಗಲಿಲ್ಲ. ಮಾವ ಕನ್ನಡಕ ಹಾಕಿಕೊಂಡು ಆ ಕೆಂಪು ಬಣ್ಣವನ್ನು ನೋಡಿದರು. ಗೋಡೆಯ ಮೇಲೆ ಒಮ್ಮೆ ಅಂಗೈ ಇಟ್ಟರು. ಆಮೇಲೆ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು ಹೊರಗೆ ಹೋದರು. ಅತ್ತೆ ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ನಡೆದರು, ಉಳಿದವರೂ ಒಬ್ಬೊಬ್ಬರಾಗಿ ಜಾರಿಕೊಂಡರು. ಗೆದ್ದವನು ಕೋಣೆಯಲ್ಲಿ ಒಬ್ಬನೇ ಉಳಿದ.

ಮನೆಗೆ ಬಂದ ಮೇಲೆ ಹೆಂಡತಿ ಕೂಗಾಡುತ್ತಾಳೆ ಅಂದುಕೊಂಡಿದ್ದ. ಅವಳು ಕೂಗಾಡಲಿಲ್ಲ, ಅದಕ್ಕೇ ಭಯವಾಯಿತು. ಬಟ್ಟೆ ಮಡಚುತ್ತ ಇಷ್ಟೇ ಅಂದಳು: "ಅಪ್ಪಂಗೆ ಹೇಳಿಕೊಳ್ಳೋಕೆ ಅಂತ ಇದ್ದಿದ್ದು ಅದೊಂದೇ ಗೋಡೆ ಕಣ್ರೀ."

ಮರುದಿನ ಸ್ಟೂಲು ಖಾಲಿ. ಅದರ ಮರುದಿನವೂ ಖಾಲಿ. ಮೊದಲು ಮಾವ ಮಾತಾಡುವಾಗ ಇವರು ಯಾವಾಗ ಎದ್ದು ಹೋಗುತ್ತಾರಪ್ಪ ಅನ್ನಿಸುತ್ತಿತ್ತು. ಈಗ ಗರಗಸದ ಸದ್ದು ನಿಂತರೆ ಅಂಗಡಿ ಬಿಕೋ ಅನ್ನುತ್ತಿತ್ತು. ಅತ್ತೆ ಹೇಳಿ ಕಳಿಸಿದ ಸುದ್ದಿ ಇನ್ನೂ ಸಂಕಟ ತಂದಿತು. ಮಾವ ಮನೆಗೆ ಬಂದವರಿಗೆ ಗೋಡೆ ತೋರಿಸುವುದನ್ನೇ ಬಿಟ್ಟಿದ್ದರಂತೆ. ಬಂದವರು ತಾವಾಗಿ ಮಾತೆತ್ತಿದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದರಂತೆ. ಅಯ್ಯೋ ನನ್ನ ಬುದ್ಧಿಗಿಷ್ಟು ಎಂದು ಅವನು ಹಣೆ ಚಚ್ಚಿಕೊಂಡ. ಅಂಗೈ ತೂರುವಷ್ಟು ಸಂದು ಮುಚ್ಚಲು ಬಾರದವನು ಮಾವನ ಬಾಯಿ ಮುಚ್ಚಿಸಿದ್ದ.

ಕೊನೆಗೆ ಗೋಡೆ ವಾಲಿದ್ದಕ್ಕೆ ತಕ್ಕಂತೆ ಒಂದು ಪಟ್ಟಿ ಕೀಸಿಕೊಂಡು, ದಾರಿಯುದ್ದಕ್ಕೂ ಮಾತು ಜೋಡಿಸಿಕೊಳ್ಳುತ್ತ ಹೋದ. ಮಾವನ ಎದುರು ನಿಂತು ಒಂದೇ ಉಸಿರಿನಲ್ಲಿ ಒದರಿದ. ಟ್ಯಾಬ್ ಹಿಂದಿನ ವಾರ ಕೈಜಾರಿ ಬಿದ್ದಿತ್ತು, ಅದರ ಮಟ್ಟ ಕೆಟ್ಟುಹೋಗಿದೆ, ನೆಟ್ಟಗಿರುವುದನ್ನೆಲ್ಲ ಸೊಟ್ಟ ಅನ್ನುತ್ತಿದೆ, ತನಗೆ ಈಗ ಗೊತ್ತಾಯಿತು, ಗೋಡೆಯ ತಪ್ಪಲ್ಲ, ತಾನೇ ಬೀರನ್ನು ತಪ್ಪು ಅಳತೆಗೆ ಕತ್ತರಿಸಿದ್ದು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಬಾಯಿ, ನಡುನಡುವೆ ತೊದಲಿತು. ಮಾವ ಅವನ ಕೈಯಲ್ಲಿದ್ದ ಟ್ಯಾಬನ್ನು ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿ ವಾಪಸು ಕೊಟ್ಟರು. ಪಟ್ಟಿ ಕೂರಿಸಲು ಅವರೇ ಕೆಳಗೆ ಕೂತು ಹಿಡಿದುಕೊಂಡರು.

ಮರುದಿನ ಬೆಳಿಗ್ಗೆ ಸ್ಟೂಲು ತುಂಬಿತು, ಅಲ್ಲಿಂದ ಅವನ ಗ್ರಹಚಾರ ಶುರುವಾಯಿತು. ಅಂಗಡಿಗೆ ಯಾರೇ ಬರಲಿ, ಮಾವ ಟ್ಯಾಬಿನ ಕಥೆ ತೆಗೆಯುವರು. ನಮ್ಮ ಅಳಿಯಂದಿರ ಯಂತ್ರಕ್ಕೆ ನೆಟ್ಟಗಿನ ಗೋಡೆ ಕಣ್ಣಿಗೆ ಬೀಳುವುದಿಲ್ಲ ಎಂದು ಹೇಳಿ ತೊಡೆ ತಟ್ಟಿಕೊಂಡು ನಗುವರು. ಇವನು ಹೌದು ಹೌದು ಎಂದು ತಲೆಯಾಡಿಸಬೇಕು. ಬೀದಿಯ ಉಳಿದ ಬಡಗಿಗಳಿಗೆ ಬೇಕಾದದ್ದೂ ಅದೇ, ಅವನಿಗೆ ಸೊಟ್ಟಪ್ಪ ಎಂದು ಹೆಸರಿಟ್ಟರು. ಗಿರಾಕಿಗಳು ಅಳತೆಗೆ ಕರೆದಾಗ, ಆ ಯಂತ್ರ ಮಾತ್ರ ತರಬೇಡಿ ಅನ್ನತೊಡಗಿದರು. ಅವನು ಮೊಳೆಯಿಂದ ಟೇಪು ಇಳಿಸಿ ಮತ್ತೆ ಮಂಚದ ಕೆಳಗೆ ತೆವಳಿದ. ಬೀದಿಗೇ ಮೊದಲು ಟ್ಯಾಬ್ ತಂದವನು ಅದನ್ನೇ ದೂರಿಕೊಂಡು ತಿರುಗಬೇಕಾಯಿತಲ್ಲ ಎಂದು ನೆನೆದರೆ ಅವನಿಗೇ ನಗು ಬರುತ್ತಿತ್ತು. ಮಾವ ಮತ್ತೆ ಗೋಡೆ ತಟ್ಟಿ ತೋರಿಸುತ್ತಿದ್ದಾರೆ ಎಂದು ಹೆಂಡತಿ ಹೇಳಿದ ದಿನ ಆ ನಗು ಸ್ವಲ್ಪ ಹಗುರವಾಯಿತು.

ಹೀಗಿರುವಾಗ ಒಬ್ಬ ಡಾಕ್ಟರಮ್ಮ ಅಂಗಡಿಗೆ ಬಂದರು. ಹೊಸ ಆಸ್ಪತ್ರೆ ತೆರೆಯುತ್ತಿದ್ದರು. ಔಷಧಿಯ ಕಪಾಟುಗಳು, ಮೇಜುಗಳು, ಕೋಣೆ ಕೋಣೆಗೂ ಬೀರು, ಎಲ್ಲ ಒಬ್ಬನ ಕೈಯಲ್ಲೇ ಮಾಡಿಸಬೇಕೆಂದಿದ್ದರು. ಅಂಥ ಕೆಲಸ ಅವನ ಅಂಗಡಿಗೆ ಹಿಂದೆಂದೂ ಬಂದಿರಲಿಲ್ಲ. ಸಿಕ್ಕರೆ ವರ್ಷವಿಡೀ ಕೈತುಂಬ ಕೆಲಸ. ಅವರಿಗೆ ಕೋಣೆಗಳನ್ನೆಲ್ಲ ಮೊದಲೇ ಪರದೆಯ ಮೇಲೆ ನೋಡಬೇಕಿತ್ತು, ಟ್ಯಾಬ್ ಇದೆ ಎಂದು ಕೇಳಿಯೇ ಹುಡುಕಿಕೊಂಡು ಬಂದಿದ್ದರು. ಆದರೆ ಬರುವ ದಾರಿಯಲ್ಲಿ ಯಾರೋ ಬೇರೆ ಮಾತೂ ಕಿವಿಗೆ ಹಾಕಿದ್ದರು.

"ನಿಮ್ಮ ಟ್ಯಾಬ್ ತಪ್ಪು ತೋರಿಸುತ್ತಂತಲ್ಲ, ನಿಜಾನಾ?"

ಅವನು ಸ್ಟೂಲಿನ ಕಡೆ ನೋಡಿದ. ಮಾವ ನೆಲ ನೋಡುತ್ತಿದ್ದರು. ಇಲ್ಲ ಅಂದರೆ ಕೆಲಸ ಉಳಿಯುತ್ತದೆ, ಗೋಡೆ ಮತ್ತೆ ವಾಲುತ್ತದೆ.

"ಹೌದು ಮೇಡಂ, ಗೋಡೆ ವಿಷಯದಲ್ಲಿ ಅದನ್ನ ನಂಬೋಕಾಗಲ್ಲ," ಅಂದ.

ಡಾಕ್ಟರಮ್ಮ ಪಾಪ ಎನ್ನುವಂತೆ ನಕ್ಕು, ಕೈಚೀಲ ಹೆಗಲಿಗೇರಿಸಿಕೊಂಡು ಬಾಗಿಲಿಗೆ ನಡೆದರು. ಆಗ ಮಾವ ಸ್ಟೂಲಿನಿಂದ ಎದ್ದರು.

"ಒಂದು ನಿಮಿಷ ನಿಂತ್ಕೊಳ್ಳಿಯಮ್ಮ. ಆ ಯಂತ್ರ ಬಿದ್ದಿದೆ ಅಂತ ಇವರು ಹೇಳಿದ್ರು. ಬಿದ್ದಿದ್ರೆ ಒಂದು ಗೀರಾದ್ರೂ ಇರ್ಬೇಕಲ್ವಾ? ನಾನೇ ತಿರುಗಿಸಿ ನೋಡಿದೀನಿ, ಇಲ್ಲ. ಯಂತ್ರ ಸರಿಯಾಗೇ ಇದೆ. ವಾಲಿರೋದು ನಮ್ಮನೆ ಗೋಡೆ. ಕಟ್ಟಿದ್ದು ನಾನು."

ಅಳಿಯ ಮಾವನನ್ನೇ ನೋಡಿದ. ಇಷ್ಟು ದಿನ ಆ ಸುಳ್ಳನ್ನು ಅವರು ತಿಳಿದೂ ತಿಳಿದೂ ಇಟ್ಟುಕೊಂಡಿದ್ದರು. ಡಾಕ್ಟರಮ್ಮ ಇಬ್ಬರ ಮುಖವನ್ನೂ ನೋಡಿ, ಕೈಚೀಲವನ್ನು ಮತ್ತೆ ಮೇಜಿನ ಮೇಲಿಟ್ಟರು. ಮಾವ ತಮ್ಮ ಸ್ಟೂಲನ್ನು ಅವರ ಕಡೆ ಸರಿಸಿದರು.

"ಕೂತ್ಕೊಳ್ಳಿಯಮ್ಮ," ಅಂದರು, "ನಮ್ಮ ಅಳಿಯ ತೋರಿಸ್ತಾನೆ."

ಮದುವೆಯಾದಾಗಿನಿಂದ ಮಾವ ಅವನನ್ನು ಮಗನಂತೆ ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಅವನು ಟ್ಯಾಬ್ ತೆರೆದ. ಕಿವಿಯ ಮೇಲಿನ ಕಡ್ಡಿ ಮರೆತು ಬೆರಳಿನಿಂದಲೇ ಒತ್ತಿದ, ಪರದೆ ಒತ್ತಿಸಿಕೊಳ್ಳಲೇ ಇಲ್ಲ.