ಮೊಮ್ಮಗಳಿಗೆ ಬಿಟ್ಟುಕೊಟ್ಟ ಹುಳುಮನೆ

ನನ್ನ ಮೊಮ್ಮಗಳು ಹುಟ್ಟಿದ ಚಳಿಗಾಲದಲ್ಲಿ ನಮ್ಮ ಚರ್ಚಿನ ಸಭೆಯ ಅಯ್ಯನವರನ್ನು ಪ್ರಶ್ನೆ ಕೇಳಿ ಕೇಳಿ ಸುಸ್ತು ಮಾಡಿದ್ದೆ. ರಾಯದುರ್ಗದಲ್ಲಿ ಹಗಲೆಲ್ಲ ಜೀನ್ಸ್ ಪ್ಯಾಂಟಿಗೆ ಜೇಬು ಹೊಲಿಯುವವಳು ನಾನು. ಓದಿದ್ದು ಮೂರನೇ ಕ್ಲಾಸು. ಕೈ ಹೊಲಿಯುತ್ತಿದ್ದರೆ ತಲೆ ತನ್ನ ಪಾಡಿಗೆ ಯೋಚಿಸುತ್ತಿರುತ್ತದೆ.

ಕ್ರಿಸ್ಮಸ್ ಹತ್ತಿರದ ಭಾನುವಾರ ಅಯ್ಯನವರು, ರಕ್ಷಕನು ಇಂಥ ಊರಿನಲ್ಲೇ ಹುಟ್ಟುತ್ತಾನೆಂದು ಪ್ರವಾದಿಗಳು ಎಷ್ಟೋ ಕಾಲ ಮೊದಲೇ ಹೇಳಿದ್ದರು, ಹಾಗೆಯೇ ಆಯಿತು ಎಂದರು. ಆರಾಧನೆ ಮುಗಿದ ಮೇಲೆ ಅವರನ್ನು ಬಾಗಿಲಲ್ಲೇ ನಿಲ್ಲಿಸಿದೆ.

"ಊರು ಮೊದ್ಲೇ ಗೊತ್ತಿತ್ತಲ್ರಿ ಅಯ್ಯನವರೇ, ಮತ್ಯಾಕ ಯಾರೂ ಒಂದು ಖೋಲಿ ಖಾಲಿ ಇಟ್ಟಿದ್ದಿಲ್ಲ? ಪಾಪ, ಆ ತಾಯಿ ದನದ ಕೊಟ್ಟಿಗ್ಯಾಗ ಹಡಿಬೇಕಾತು."

"ಊರು ಹೇಳಿದ್ರಮ್ಮ, ದಿನ ಹೇಳಲಿಲ್ಲ. ಅದೂ ದೇವರ ಉದ್ದೇಶನೇ."

"ದಿನ ಹೇಳದಿದ್ರ ಏನ್ರಿ, ಒಂದು ಮೂಲಿನಾದ್ರೂ ಇಡಬಾರದಾ?"

"ನೀನು ಅಲ್ಲಿ ಇದ್ದಿದ್ರ ಪ್ರವಾದಿಗಳನ್ನೂ ಮನಿಗೆ ಹೋಗಾಕ ಬಿಡ್ತಿದ್ದಿಲ್ಲ ಬಿಡಮ್ಮ," ಎಂದು ನಕ್ಕು ಹೊರಟರು.

ನಾನು ಸುಮ್ಮನೆ ಕೇಳಿರಲಿಲ್ಲ. ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿದ್ದ ಮಗಳು ಹೆರಿಗೆಗೆ ನನ್ನ ಮನೆಗೆ ಬರುವವಳಿದ್ದಳು. ಹಿಂದೆ ಬಸಿರು ನಿಲ್ಲದೆ ತುಂಬಾ ಅತ್ತಿದ್ದಳು. ಈ ಮಗುವಾದರೂ ಉಳಿಯಬೇಕು. ಹೊಲಿಗೆ ಮಷೀನನ್ನು ಹೊರಗಿನ ತಗಡಿನ ಚಪ್ಪರದ ಕೆಳಗೆ ಎಳೆದು, ಪ್ಯಾಂಟಿನ ರಾಶಿ ಸಾಗಿಸಿ, ಇರುವ ಒಂದೇ ಕೋಣೆಯನ್ನು ತೊಳೆದಿಟ್ಟೆ. ನಾನಂತೂ ತಯಾರು ಎಂದು ದೇವರಿಗೂ ಹೇಳಿದೆ.

ಮಗಳು ಬರುವ ದಾರಿಯಲ್ಲಿ ಮಡಕಶಿರದ ಹತ್ತಿರ ಗಂಡನ ಊರಿನಲ್ಲಿ ಇಳಿದಳು. ತಿಂಗಳು ತುಂಬುವ ಮೊದಲೇ ಅಲ್ಲಿ ನೋವು ಬಂತು. ನಾನು ಬಸ್ಸು ಹಿಡಿದು ಆಸ್ಪತ್ರೆ ಸೇರುವಷ್ಟರಲ್ಲಿ ಹೆಣ್ಣು ಮಗು ಹುಟ್ಟಿತ್ತು. ಅಂಗೈಯಗಲದ ಮಗು, ಅಳುವುದಕ್ಕೂ ಶಕ್ತಿಯಿಲ್ಲ. ಡಾಕ್ಟರು ಕೆಲವು ದಿನ ಇಟ್ಟುಕೊಂಡು, ಬೆಚ್ಚಗೆ ನೋಡಿಕೊಳ್ಳಿ, ದೂರದ ಪ್ರಯಾಣ ಬೇಡ ಎಂದು ಕಳಿಸಿದರು. ನಾನು ತೊಳೆದಿಟ್ಟ ಕೋಣೆ ರಾಯದುರ್ಗದಲ್ಲೇ ಉಳಿಯಿತು.

ಅಳಿಯನ ತಾಯಿ ನಮ್ಮನ್ನು ಮನೆಯೊಳಗೆ ಕರೆಯದೆ ಹಿತ್ತಲಿಗೆ ಕರೆದೊಯ್ದರು. ನಮ್ಮ ದೇವರು ಬೇರೆಯೆಂದು ಕೊಟ್ಟಿಗೆ ತೋರಿಸುತ್ತಾರೇನೋ ಅಂದುಕೊಂಡೆ. ಅವರು ತೆರೆದದ್ದು ರೇಷ್ಮೆ ಹುಳು ಸಾಕುವ ಮನೆಯ ಬಾಗಿಲು. ಹೊಸ ಬೆಳೆಗೆಂದು ಸುಣ್ಣ ಬಳಿದು, ಗಾಳಿ ನುಗ್ಗದಂತೆ ಕಿಟಕಿಗೆ ಗೋಣಿ ಕಟ್ಟಿ, ಕರೆಂಟಿನ ಹೀಟರು ಇಟ್ಟಿದ್ದರು. ಹುಳುವಿನ ತಟ್ಟೆಗಳೆಲ್ಲ ಹೊರಗೆ, ಒಳಗೆ ಮಂಚ.

"ಹುಳ ಎಲ್ಲಿ ಇಡ್ತೀರಿ ಮತ್ತ?" ಎಂದೆ.

"ಈ ಸಲ ಹುಳ ಬ್ಯಾಡ ಅಂತ ಯೋಳ್ಬುಟ್ಟೆ. ಇದುನ್ನೇ ಸಾಕಾನ ಬನ್ನಿ ಬೀಗ್ರೇ. ಸೊಪ್ಪು ಕೊಯ್ಯೋ ಕೆಲ್ಸನಾದ್ರೂ ತಪ್ತು."

"ಹಿಂಗ ಮಾಡಂತ ನಿಮಗ ಯಾರು ಹೇಳಿದ್ರು?"

"ಯಾರ್ ಯೋಳ್ಬೇಕು? ಚಳಿ ಅಲ್ವಾ?"

ಪ್ರವಾದನೆ ಎಂಬ ಮಾತನ್ನೇ ಕೇಳದ ಈ ಹೆಂಗಸಿಗೆ ಅದು ಹೇಗೆ ಹೊಳೆಯಿತು? ದೇವರು ಹೇಳದೆಯೂ ಮಾಡಿಸುತ್ತಾನೋ? ಹಾಗಾದರೆ ನನ್ನ ಕೈಯಲ್ಲಿ ಆ ಕೋಣೆ ಯಾಕೆ ತೊಳೆಸಿದ? ಇವತ್ತಿಗೂ ಯೋಚಿಸುತ್ತೇನೆ, ಬಗೆಹರಿದಿಲ್ಲ.

ಮಗಳು, ನಾನು, ಬೀಗಿತ್ತಿ ಸರದಿಯ ಮೇಲೆ ಮಗುವನ್ನು ಎದೆಗೆ ಅವುಚಿಕೊಂಡು ಕೂತೆವು. ಒಂದು ಬೆಳಿಗ್ಗೆ ನಾನು ಬಟ್ಟೆ ಒಗೆಯುತ್ತಿದ್ದೆ, ಬೀಗಿತ್ತಿ ರಾಗಿ ಮುದ್ದೆ ತಿರುವುತ್ತಿದ್ದರು. ಹುಳುಮನೆಯಿಂದ ಊರಿಗೆಲ್ಲ ಕೇಳುವಂಥ ಅಳು ಬಂತು. ನಾನು ಸೋಪಿನ ಕೈಯಲ್ಲಿ, ಅವರು ಹಿಟ್ಟಿನ ಕೈಯಲ್ಲಿ ಓಡಿ ಬಾಗಿಲಲ್ಲಿ ಡಿಕ್ಕಿ ಹೊಡೆದೆವು.

"ಏನಾಯ್ತು?" ಎಂದರು ಬೀಗಿತ್ತಿ.

"ಏನಿಲ್ಲ, ಹಸಿವಂತೆ," ಎಂದಳು ಮಗಳು.