ಬಿಲ್ಲೆಯೊಳಗಿನ ಎರಡನೇ ಉಂಗುರ

ಕೊರೊನಾ ಮುಗಿದ ಮರುವರ್ಷ. ಹೊಳೆನರಸೀಪುರದ ಒಂದು ಸಣ್ಣ ನರ್ಸಿಂಗ್ ಹೋಂನಲ್ಲಿ ನಾನು ಎಕ್ಸ್‌ರೇ ಟೆಕ್ನಿಷಿಯನ್; ನಿವೃತ್ತಿಗೆ ಎರಡು ವರ್ಷವಿತ್ತು. ಚಿತ್ರ ತೆಗೆಯುವುದಷ್ಟೇ ನಮ್ಮ ಕೆಲಸ, ಅದರಲ್ಲಿ ಏನಿದೆ ಎಂದು ಹೇಳುವುದು ಡಾಕ್ಟರದು. ಮೂವತ್ತು ವರ್ಷ ಹಾಗೇ ನಡೆದುಕೊಂಡಿದ್ದೇನೆ ಎಂಬ ಜಂಬವೂ ನನಗಿತ್ತು.

ಒಂದು ಬೆಳಗ್ಗೆ ಹತ್ತು ಗಂಟೆಗೆ ಹಳ್ಳಿಮೈಸೂರು ಕಡೆಯ ಸವಿತಾ ಎಂಬ ಹೆಣ್ಣುಮಗಳು ತನ್ನ ಒಂದೂವರೆ ವರ್ಷದ ಕೂಸನ್ನು ಎತ್ತಿಕೊಂಡು ಬಂದಳು. ಕೂಸಿನ ಬಾಯಿಂದ ಜೊಲ್ಲು ಒಂದೇ ಸಮನೆ ಸುರಿಯುತ್ತಿತ್ತು.

“ಏನೂ ನುಂಗ್ತಿಲ್ಲ ಸಾ. ನೆಲದ ಮ್ಯಾಲೆ ಚಿಲ್ರೆ ಬಿದ್ದಿತ್ತು, ಕಾಸೇ ನುಂಗ್ಬುಟ್ಟದೆ.”

ಚಿತ್ರ ತೆಗೆದೆ. ಅನ್ನನಾಳದಲ್ಲಿ ದುಂಡಗಿನ ಬಿಳಿ ಬಿಲ್ಲೆ. ಅದರ ಅಂಚಿನೊಳಗೆ ಇನ್ನೊಂದು ತೆಳು ಉಂಗುರ. ನಾಣ್ಯಕ್ಕೆ ಹಾಗಿರುವುದಿಲ್ಲ, ಗುಂಡಿಯಾಕಾರದ ಪುಟ್ಟ ಬ್ಯಾಟರಿಗೆ, ಅಂದರೆ ಬಟನ್ ಸೆಲ್‌ಗೆ, ಇರುತ್ತದೆ ಎಂದು ಎಲ್ಲೋ ಓದಿದ್ದೆ. ಆದರೆ ಕೂಸು ಕೊಸರಾಡಿತ್ತು, ಚಿತ್ರ ಅಲುಗಿರಬೇಕು ಎಂದುಕೊಂಡೆ. ನಮ್ಮ ಹೊಸ ಡಾಕ್ಟರು ನೋಡಿ, “ಕಾಯಿನ್. ಗಾಬರಿ ಬೇಡ, ನಾಳೆ ಹಾಸನಕ್ಕೆ ಕರ್ಕೊಂಡ್ಹೋಗಿ ತೆಗೆಸಿ” ಎಂದರು. ಪಕ್ಕದಲ್ಲೇ ನಿಂತಿದ್ದ ನಾನು ಬಾಯಿ ಬಿಡಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗಲೂ ಆ ಉಂಗುರವೇ ಕಣ್ಣಮುಂದಿತ್ತು. ಎದ್ದು ಹೋಗಿ ಕಂಪ್ಯೂಟರಿನಲ್ಲಿ ಚಿತ್ರ ದೊಡ್ಡದು ಮಾಡಿದೆ. ಪಕ್ಕೆಲುಬುಗಳು ಒಂದೊಂದೂ ಸ್ಪಷ್ಟವಾಗಿದ್ದವು. ಚಿತ್ರ ಅಲುಗಿದ್ದರೆ ಅವೂ ಮಸುಕಾಗಬೇಕಿತ್ತು. ರಿಜಿಸ್ಟರಿನಲ್ಲಿದ್ದ ನಂಬರಿಗೆ ಫೋನ್ ಮಾಡಿ, ಮನೆಯಲ್ಲಿ ಯಾವುದರದಾದರೂ ಸೆಲ್ ಕಾಣೆಯಾಗಿದೆಯೇ ನೋಡಮ್ಮ ಎಂದೆ. ಫೋನ್ ಹಿಡಿದುಕೊಂಡೇ ಅವಳು ಮನೆಯೆಲ್ಲ ಹುಡುಕಿದಳು.

“ದೇವ್ರ ಮುಂದಿನ್ ಸೆಲ್ ದೀಪ ಉರೀತಿಲ್ಲ ಸಾ. ತಳದ ಮುಚ್ಚಳ ಬಿಚ್ಕಂಡದೆ.” ಆಮೇಲೆ ಅಳು ಕೇಳಿಸಿತು. “ಎಣ್ಣೆ ದೀಪ ಆದ್ರೆ ಕೂಸು ಕೈ ಸುಟ್ಕತ್ತದೆ ಅಂತ ನಾನೇ ತಂದಿದ್ದೆ.”

ಈಗಲೇ ಕಾರು ಮಾಡಿಕೊಂಡು ಹಾಸನಕ್ಕೆ ಹೊರಡು ಎಂದೆ. ಡಾಕ್ಟರು ವಿಷಯ ಕೇಳಿ ಬಿಳಿಚಿಕೊಂಡರು. ಅಲ್ಲಿನ ಆಸ್ಪತ್ರೆಗೆ ಅವರೇ ಫೋನ್ ಮಾಡಿದರು. ಬಟನ್ ಸೆಲ್ ಒಡೆದರಷ್ಟೇ ಅಪಾಯ ಎಂದಲ್ಲ. ಒದ್ದೆ ಅನ್ನನಾಳಕ್ಕೆ ಕಚ್ಚಿಕೊಂಡರೆ ಅದರಿಂದ ಹರಿಯುವ ಕರೆಂಟೇ ಎರಡು ಗಂಟೆಯೊಳಗೆ ಸುಟ್ಟಗಾಯ ಮಾಡಬಲ್ಲದು. ಹಾಸನದಲ್ಲಿ ಸೆಲ್ ಹೊರತೆಗೆಯುವಷ್ಟರಲ್ಲಿ ಕೂಸು ಅದನ್ನು ನುಂಗಿ ಐದು ಗಂಟೆಯ ಮೇಲಾಗಿತ್ತು. ಕೂಸು ಉಳಿಯಿತು, ಆದರೆ ಎರಡು ತಿಂಗಳು ಮೂಗಿನ ನಳಿಕೆಯಲ್ಲೇ ಹಾಲು.

ಅಂಥದೇ ದೀಪವನ್ನು ಚನ್ನರಾಯಪಟ್ಟಣದ ಅಂಗಡಿಯೊಂದರಲ್ಲಿ ಕೈಗೆತ್ತಿಕೊಂಡು ನೋಡಿದೆ. ಮುಚ್ಚಳ ಉಗುರಿಗೇ ಬಿಚ್ಚಿಕೊಂಡಿತು. ಆಟಿಕೆಯಾದರೆ ಸುಲಭಕ್ಕೆ ಬಿಚ್ಚದಂತೆ ಸ್ಕ್ರೂ ಇರಬೇಕೆಂಬ ನಿಯಮವಿದೆ. ದೇವರ ದೀಪ ಆಟಿಕೆಯಲ್ಲವಲ್ಲ! ಒಂದೂವರೆ ವರ್ಷದ ಕೂಸಿಗೆ ಆ ವ್ಯತ್ಯಾಸ ಯಾರು ಹೇಳಬೇಕಿತ್ತು? ಮೈಯೆಲ್ಲ ಉರಿದುಹೋಯಿತು. ಅರ್ಧ ಸಿಟ್ಟು ನನ್ನ ಮೇಲೆಯೇ.

ನಳಿಕೆ ತೆಗೆದ ಮೇಲೆ ಸವಿತಾ ಕೂಸನ್ನು ತೋರಿಸಲು ಬಂದಳು. “ನೀವ್ ಫೋನ್ ಮಾಡ್ದಿದ್ರೆ ನನ್ ಕೂಸು ಉಳೀತಿರ್ಲಿಲ್ಲ” ಎಂದು ಕಾಲಿಗೆ ಬೀಳಹೋದಳು. ತಡೆದೆ.

“ಬೆಳಗ್ಗೇನೇ ನನಗೆ ಅನುಮಾನ ಬಂದಿತ್ತು ಕಣಮ್ಮ. ಹೇಳಲಿಲ್ಲ.”

ಅವಳು ನನ್ನ ಮುಖವನ್ನೇ ನೋಡಿದಳು. “ಯಾಕ್ ಸಾ?”

ಅದು ನನ್ನ ಕೆಲಸವಲ್ಲ ಎಂಬ ಉತ್ತರ ಆ ಕೂಸಿನ ಎದುರು ಹೊರಡಲಿಲ್ಲ. ಉಳಿದ ಎರಡು ವರ್ಷ, ಅನುಮಾನ ಬಂದಾಗಲೆಲ್ಲ ಡಾಕ್ಟರ ಮುಂದೆಯೇ ಹೇಳಿದೆ. ಎಷ್ಟೋ ಸಲ ನನ್ನದೇ ತಪ್ಪಾಗಿತ್ತು, ಬೈಸಿಕೊಂಡೆ. “ಯಾಕ್ ಸಾ” ಎಂದು ಕೇಳಿಸಿಕೊಳ್ಳುವುದಕ್ಕಿಂತ ಬೈಸಿಕೊಳ್ಳುವುದು ಸುಲಭ.